ರಿಟೈರ್ಡ್ ಮುಚ್ಚಳಗಳು

ನಮ್ಮ ಪಕ್ಕದ ಮನೆಯ ಮಾವ ಪೈಪು ಸೇದುತ್ತಿದ್ದರೇ ಎಂದು ಹೋದ ವರ್ಷ ಯಾರಾದರೂ ಕೇಳಿದ್ದರೆ, ಇದೆಂಥ ಪ್ರಶ್ನೆ ಮಾರಾಯ್ರೆ ಎಂದು ನಕ್ಕುಬಿಡುತ್ತಿದ್ದೆ. ಪೈಪಿಲ್ಲದ ಅವರ ಬಾಯಿಯನ್ನು ನಾನು ಕಂಡದ್ದೇ ಕಡಿಮೆ. ಊಟಕ್ಕೆ ಕೂತರೆ ತಟ್ಟೆಯ ಪಕ್ಕ, ನಡೆಯುವಾಗ ಜೇಬಿನಲ್ಲಿ, ಮಿಕ್ಕ ಹೊತ್ತೆಲ್ಲ ಬಾಯಿಯ ಎಡಮೂಲೆಯಲ್ಲಿ. ಈಗ ಮಾವ ಇಲ್ಲ. ಅದೇ ಪ್ರಶ್ನೆಯನ್ನು ಕೇಳಬಾರದವರೊಬ್ಬರು ಬಂದು ಕೇಳಿದ್ದಾರೆ, ಅವತ್ತಿನಿಂದ ನನ್ನ ತಲೆ ಮೊಸರುಗಡಿಗೆಯಾಗಿದೆ.

ಮಾವ ಹುದಿಕೇರಿ ಕಡೆಯ ಒಂದು ದೊಡ್ಡ ಎಸ್ಟೇಟಿನಲ್ಲಿ ಬಹಳ ಕಾಲ ಮ್ಯಾನೇಜರಾಗಿದ್ದವರು. ನಿವೃತ್ತರಾದ ಮೇಲೆ ನಮ್ಮ ಪಕ್ಕದ ಮನೆಗೆ ತಂಗಿಯ ಜೊತೆ ಬಂದು ಸೇರಿಕೊಂಡರು. ತಂಗಿ ಅಂಚೆ ಕಚೇರಿಯಲ್ಲಿದ್ದವರು. ಇಬ್ಬರೂ ಮದುವೆಯಾದವರಲ್ಲ. ಅಣ್ಣನನ್ನು ನಾನು ಮಾವ ಎಂದು ಕರೆದ ಮೇಲೆ ತಂಗಿಯನ್ನು ಅತ್ತೆ ಎನ್ನಬೇಕಿತ್ತು. ಆದರೆ ಮೊದಲ ದಿನವೇ ಅವರು, “ಅತ್ತೆ ಗಿತ್ತೆ ಅಂದ್ರೆ ನಿನ್ನ ಮನೆಗೆ ಕಾಲಿಡೋದಿಲ್ಲ ನೋಡು” ಎಂದದ್ದರಿಂದ ಅಕ್ಕ ಆದರು. ಸಂಬಂಧ ತಪ್ಪಿದರೂ ಯಾರಿಗೂ ತೊಂದರೆಯಾಗಲಿಲ್ಲ. ನಾನು ಭಾಗಮಂಡಲ ಕಡೆಯ ಅರೆಭಾಷೆಯವಳು, ಅವರು ಕೊಡವರು. ನಮ್ಮ ನಡುವಿನ ಮಾತೆಲ್ಲ ಕನ್ನಡ. ಅಣ್ಣ ತಂಗಿ ತಮ್ಮೊಳಗೆ ಆಡುತ್ತಿದ್ದದ್ದು ಕೊಡವ ತಕ್ಕ್. ಬೇಲಿಯ ಈಚೆ ನಿಂತು ಇಷ್ಟು ವರ್ಷ ಕೇಳಿಸಿಕೊಂಡವಳಿಗೆ ಅದೂ ಅರ್ಥವಾಗುತ್ತದೆ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಮಾವನಿಗೂ ನನಗೂ ಸ್ನೇಹ ಬೆಳೆದದ್ದು ಮುಚ್ಚಳದಿಂದ. ನಾನು ಕಿತ್ತಳೆ ಮಾರ್ಮಲೇಡು, ಹಂದಿ ಉಪ್ಪಿನಕಾಯಿ, ಕಾಡುಮಾವಿನ ಉಪ್ಪಿನಕಾಯಿ ಮಾಡಿ ವಿರಾಜಪೇಟೆಯ ಒಂದು ಅಂಗಡಿಗೆ ಕೊಡುತ್ತೇನೆ. ಮಾರ್ಮಲೇಡನ್ನು ಬಿಸಿಬಿಸಿಯಾಗಿ ಗಾಜಿನ ಬಾಟಲಿಗೆ ತುಂಬಿ, ತಗಡಿನ ಮುಚ್ಚಳ ಹಾಕಿ, ಕುದಿಯುವ ನೀರಿನ ಹಂಡೆಯಲ್ಲಿ ಇಡಬೇಕು. ತಣಿಯುತ್ತ ಬಂದಂತೆ ಮುಚ್ಚಳದ ನಡುಭಾಗ ‘ಟಪ್’ ಎಂದು ಒಳಗೆ ಎಳೆದುಕೊಳ್ಳುತ್ತದೆ. ಆಗ ಗಾಳಿ ಹೋಗುವುದಿಲ್ಲ, ಬೂಸು ಬರುವುದಿಲ್ಲ. ಆದರೆ ಈ ಮುಚ್ಚಳಕ್ಕೆ ಒಂದೇ ಬಾಳು. ಒಳಗಿನ ರಬ್ಬರಿನ ಮೇಲೆ ಬಾಟಲಿಯ ಬಾಯಿ ಅಚ್ಚೊತ್ತಿಬಿಡುತ್ತದೆ, ಇನ್ನೊಮ್ಮೆ ಹಾಕಿದರೆ ಹಿಡಿಯುತ್ತದೆ ಎಂಬ ಭರವಸೆ ಇಲ್ಲ. ಗಿರಾಕಿಗಳು ಖಾಲಿ ಬಾಟಲಿ ವಾಪಸು ಕೊಟ್ಟರೆ ಬಾಟಲಿ ಇಟ್ಟುಕೊಂಡು ಮುಚ್ಚಳ ಎಸೆಯುವುದು ನನ್ನ ಪದ್ಧತಿ.

ಒಂದು ದಿನ ಹೀಗೆ ಎಸೆಯಲು ಹೊರಟಾಗ ಬೇಲಿಯ ಆಚೆಯಿಂದ ದನಿ ಬಂತು.

“ಎಂತ ಮಾಡ್ತೀಯ ಅದನ್ನ?”

“ಗುಜರಿಗೆ ಮಾವ. ಒಂದು ಸಲ ಬೆಂದದ್ದು, ಇನ್ನು ಜಾಮಿಗೆ ಆಗಲ್ಲ.”

“ಜಾಮಿಗೆ ಆಗದಿದ್ರೆ ಬೇರೆ ಎಂತಕ್ಕೂ ಆಗಲ್ವಾ? ಒಳ್ಳೆ ಕತೆ! ಸರ್ವೀಸು ಮುಗೀತು ಅಂತ ಗುಂಡಿಗೆ ಹಾಕ್ತಾರಾ? ಲೈಟ್ ಡ್ಯೂಟಿ ಕೊಡು ಮಾರಾಯ್ತಿ.”

ಅವತ್ತಿನಿಂದ ಅವು ರಿಟೈರ್ಡ್ ಮುಚ್ಚಳಗಳಾದವು. “ರಿಟೈರ್ಡ್ ಯಾರಾದ್ರು ಬಂದಿದ್ದಾರಾ?” ಎಂದು ಕೇಳುತ್ತಲೇ ನಮ್ಮ ಹಿತ್ತಿಲಿಗೆ ಬರುತ್ತಿದ್ದರು. ಲೈಟ್ ಡ್ಯೂಟಿ ಎಂದರೆ ಪೈಪಿನ ಹೊಗೆಸೊಪ್ಪನ್ನು ಕಾಯುವುದು. ನಮ್ಮ ಮಳೆಗಾಲದಲ್ಲಿ ಹೊಗೆಸೊಪ್ಪನ್ನು ತೆರೆದಿಟ್ಟರೆ ಚಪ್ಪಲಿಗೆ ಬಂದಂತೆ ಅದಕ್ಕೂ ಬೂಸು ಬರುತ್ತದೆ, ಬೇಸಿಗೆಯಲ್ಲಿ ಒಣಗಿ ಪುಡಿಯಾಗುತ್ತದೆ. ಅದಕ್ಕೆ ಕುದಿಸಿದ ಸೀಲು ಬೇಡ, ಬಿಗಿಯಾಗಿ ಕೂತರೆ ಸಾಕು. ಕೇರಳದ ಬಸ್ಸಿನಲ್ಲಿ ಹೋಗಿ ಬರುವ ಹಳೆಯ ಪರಿಚಯದವರು ಯಾರೋ ಪೊಟ್ಟಣ ತಂದು ಕೊಡುತ್ತಿದ್ದರು. ಮಾವ ಅದನ್ನು ಬಿಡಿಸಿ, ಬೆರಳಲ್ಲಿ ಉದುರಿಸಿ, ಬಾಟಲಿಗೆ ತುಂಬಿ, ಮುಚ್ಚಳ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಹೊಗೆಸೊಪ್ಪು ಎಂತ ಮಾತಾಡುತ್ತದೋ ದೇವರೇ ಬಲ್ಲ.

ಮುಚ್ಚಳದ ವಿಷಯದಲ್ಲಿ ಅವರದು ಭಾರಿ ಮಡಿ. ಸೋಡಾಪುಡಿ ಹಾಕಿದ ಬಿಸಿನೀರಲ್ಲಿ ತೊಳೆದು ಗೋಡೆಯ ಮೇಲೆ ಕವುಚಿ ಒಣಗಿಸಬೇಕು. ಆಮೇಲೆ ಒಂದೊಂದನ್ನೇ ಮೂಗಿಗೆ ಹಿಡಿದು ಜಾತಿ ವಿಂಗಡಿಸಬೇಕು. ಕಿತ್ತಳೆಯ ಮುಚ್ಚಳ ಉತ್ತಮ. ಅದರ ವಾಸನೆ ಸ್ವಲ್ಪ ಉಳಿದರೂ ಹೊಗೆಸೊಪ್ಪಿಗೆ ಒಳ್ಳೆಯದೇ. ಮಾವಿನಕಾಯಿಯದು ಪರವಾಗಿಲ್ಲ. ಹಂದಿ ಉಪ್ಪಿನಕಾಯಿಯದನ್ನು ಮಾತ್ರ ಹತ್ತಿರ ಸೇರಿಸುತ್ತಿರಲಿಲ್ಲ. ಊಟಕ್ಕೆ ಹಂದಿ ಇಲ್ಲದಿದ್ದರೆ ಮುಖ ಊದಿಸುವ ಮನುಷ್ಯ! “ತಟ್ಟೇಲಿ ಇರಬೇಕಾದ್ದು ತಟ್ಟೇಲಿ” ಎನ್ನುತ್ತಿದ್ದರು.

“ಗಾಳಿ ಒಳಗೆ ಹೋಗಬಾರದು, ವಾಸನೆ ಹೊರಗೆ ಬರಬಾರದು. ಸಂಸಾರ ಮಾಡಿದ ಹಾಗೆ” ಎಂಬುದು ಅವರ ಇನ್ನೊಂದು ಮಾತು. ಸಂಸಾರವನ್ನೇ ಮಾಡದವರು ಇದನ್ನು ಹೇಳುವಾಗ ನನ್ನ ಯಜಮಾನರು ಕೆಮ್ಮುತ್ತಿದ್ದರು.

ಬಾಟಲಿಯ ಮೇಲಿನ ನನ್ನ ಲೇಬಲನ್ನು ಅವರು ಕೀಳುತ್ತಿರಲಿಲ್ಲ. ಹಾಗಾಗಿ ಅವರ ಕಪಾಟಿನಲ್ಲಿ ಹೊಗೆಸೊಪ್ಪಿನ ಬಾಟಲಿಗಳೆಲ್ಲ ‘ಮನೆಯಲ್ಲೇ ಮಾಡಿದ ಕಿತ್ತಳೆ ಮಾರ್ಮಲೇಡ್’ ಎಂದು ಹೇಳಿಕೊಂಡು ನಿಂತಿರುತ್ತಿದ್ದವು. ಒಂದು ಸಲ ನಮ್ಮ ಜಗಲಿಯ ಮೇಜಿನ ಮೇಲೆ ಅವರು ಮರೆತು ಹೋದ ಬಾಟಲಿಯನ್ನು ನನ್ನ ಯಜಮಾನರು ಉಳಿದ ಮಾಲಿನ ಜೊತೆ ಡಬ್ಬಕ್ಕೆ ಹಾಕಿ ವಿರಾಜಪೇಟೆಗೆ ಸಾಗಿಸಿದರು. ದುಬಾರೆಯಲ್ಲಿ ಆನೆ ನೋಡಿ ಬಂದ ಯಾರೋ ಅದನ್ನು ಕೊಂಡು, ಬ್ರೆಡ್ಡು ಹಿಡಿದುಕೊಂಡು ಮುಚ್ಚಳ ತೆಗೆದರಂತೆ! ಅಂಗಡಿಯವನಿಂದ ಬೈಸಿಕೊಂಡು ಬಾಟಲಿ ವಾಪಸು ತಂದು ನಾನು ಮಾವನ ಮುಂದೆ ಕುಕ್ಕಿದೆ. ಅವರು ಮುಚ್ಚಳ ತಿರುಗಿಸಿ ಮೂಸಿ, “ನೋಡು, ವಿರಾಜಪೇಟೆಗೆ ಹೋಗಿ ಬಂದ್ರೂ ಒಣಗಿಲ್ಲ. ಎಂಥಾ ಮುಚ್ಚಳ!” ಎಂದರು. ಇಂಥವರಿಗೆ ಏನು ಹೇಳುವುದು? ಸಿಟ್ಟು ಬಂದರೂ ನಗು ತಡೆಯಲಾಗಲಿಲ್ಲ.

ಅಕ್ಕನಿಗೆ ದಮ್ಮಿನ ಕಾಯಿಲೆ. ಊದುಬತ್ತಿ ಹಚ್ಚಿದರೂ ಎದೆ ಕಟ್ಟುತ್ತದೆ, ಬಾಯಿಗೆ ಒತ್ತಿ ಎಳೆದುಕೊಳ್ಳುವ ಔಷಧಿಯ ಪಂಪು ಯಾವಾಗಲೂ ಕೈಯಲ್ಲೇ ಇರಬೇಕು. ಕೆಲವು ವರ್ಷದ ಹಿಂದೆ ಒಂದು ಮಳೆಗಾಲ ಬಹಳ ಜೋರಾಗಿ ಆಸ್ಪತ್ರೆಯಲ್ಲಿದ್ದು ಬಂದರು. ಅಣ್ಣ ತಂಗಿಯರ ಜಗಳವೆಲ್ಲ ಈ ಹೊಗೆಯದೇ. ಸಂಜೆ ಮಾವ ನಮ್ಮಲ್ಲಿಂದ ಮನೆಗೆ ಹೋದ ಕೂಡಲೇ ಬೇಲಿಯ ಆಚೆ ಶುರುವಾಗುತ್ತಿತ್ತು. “ಅಂಗಿಯೆಲ್ಲ ಹೊಗೆ ನಾತ! ನನ್ನನ್ನ ಸಾಯಿಸೋಕೆ ಹೊರಟಿದ್ದೀಯಾ? ಅಂಗಿ ಹೊರಗೆ ಬಿಚ್ಚಿಟ್ಟು ಬಾ!” ಮಾವನ ಉತ್ತರ ಕೇಳುತ್ತಿರಲಿಲ್ಲ. ಅಂಗಿ ಬಿಚ್ಚಿ ತಂತಿಯ ಮೇಲೆ ಹಾಕಿ, ಬನಿಯನ್ನಿನಲ್ಲಿ ಒಳಗೆ ಹೋಗುವುದು ಮಾತ್ರ ಕಾಣುತ್ತಿತ್ತು. ಪಾಪ, ಈ ವಯಸ್ಸಿನಲ್ಲಿ ಒಂದು ಚಟ, ಅದಕ್ಕೂ ಇಷ್ಟು ಬೈಗುಳವೇ ಎಂದು ನನಗೆ ಅಕ್ಕನ ಮೇಲೆ ಒಳಗೊಳಗೇ ಕೋಪ ಬರುತ್ತಿತ್ತು.

ಮಾವ ಹೋದದ್ದು ಸದ್ದಿಲ್ಲದೆ. ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಪೈಪು ಜೇಬಿನಲ್ಲೇ ಇತ್ತು. ಕ್ರಿಯೆಗಳೆಲ್ಲ ಮುಗಿದು ನೆಂಟರು ಹೊರಟು ಮನೆ ತಣ್ಣಗಾದ ಮೇಲೆ, ಒಂದು ಮಧ್ಯಾಹ್ನ ಅಕ್ಕ ನಮ್ಮ ಹಿತ್ತಿಲಿಗೆ ಬಂದರು. ನಾನು ಒಲೆಯ ಮುಂದೆ ಕಿತ್ತಳೆ ಕುದಿಸುತ್ತಿದ್ದೆ. ಹೊಗೆಗೆ ದೂರವಾಗಿ ಕಲ್ಲಿನ ಮೇಲೆ ಕೂತುಕೊಂಡು ಕೇಳಿದರು.

“ಅಣ್ಣನಿಗೆ ಮೊದಲನೇ ಮೀದಿ ಇಡಬೇಕು. ಅವನಿಗೆ ಯಾವ ಹೊಗೆಸೊಪ್ಪು ಇಷ್ಟ ಇತ್ತು? ನಿನಗೆ ಗೊತ್ತಿರಬೇಕಲ್ಲ, ಇಲ್ಲೇ ಸೇದ್ತಿದ್ದದ್ದು.”

ಮೀದಿ ಎಂದರೆ ತೀರಿಕೊಂಡ ಹಿರಿಯರಿಗೆ ದೀಪದ ಮುಂದೆ ಎಲೆ ಹಾಕಿ ಬಡಿಸುವುದು. ನಮ್ಮವರಲ್ಲಿ ಅಗೆಲು ಎನ್ನುತ್ತೇವೆ. ಹೋದವರ ಬಾಯಿಗೆ ಬದುಕಿದ್ದಾಗ ಹಿಡಿಸಿದ್ದನ್ನು ಇಡಬೇಕು. ಬ್ರಾಂದಿ ಕುಡಿಯುತ್ತಿದ್ದರೆ ಬ್ರಾಂದಿ, ಬೀಡಿ ಸೇದುತ್ತಿದ್ದರೆ ಬೀಡಿ. ಅದರಲ್ಲಿ ನಾಚಿಕೆ ಇಲ್ಲ. ಹಾಗಾಗಿ ಅಕ್ಕನ ಪ್ರಶ್ನೆಯಲ್ಲಿ ವಿಚಿತ್ರವೇನೂ ಇರಲಿಲ್ಲ. ವಿಚಿತ್ರ ಇದ್ದದ್ದು ಕೊನೆಯ ಮಾತಿನಲ್ಲಿ.

“ಇಲ್ಲೇ ಎಲ್ಲಿ ಅಕ್ಕ?” ಎಂದೆ. “ಮನೇಲೇ ಸೇದಿ ಬರ್ತಿದ್ರಲ್ಲ.”

“ಮನೇಲಾ? ನಾನಿರೋ ಮನೇಲಿ? ಹುಚ್ಚಾ ನಿನಗೆ? ನಿಮ್ಮನೇಲಿ ಸೇದಿ ಬರ್ತಿದ್ದ. ಅಂಗಿ ನಾರ್ತಿತ್ತಲ್ಲ ದಿನಾ!”

ಕಿತ್ತಳೆ ತಳ ಹಿಡಿಯುವ ವಾಸನೆ ಬಂತು, ಎದ್ದು ಕದಡಿದೆ.

ಮಾವ ನಮ್ಮ ಹಿತ್ತಿಲಲ್ಲಿ ಕೂರುತ್ತಿದ್ದದ್ದು ಈ ಸೌದೆ ಒಲೆಯ ಪಕ್ಕದಲ್ಲೇ. ಪೈಪು ಬಾಯಲ್ಲಿರುತ್ತಿತ್ತು, ಸುತ್ತ ಹೊಗೆ ಇರುತ್ತಿತ್ತು, ಇಷ್ಟು ನನಗೆ ಖಂಡಿತ ನೆನಪಿದೆ. ಆದರೆ ಹೊಗೆ ಪೈಪಿನದೋ ಒಲೆಯದೋ? ಬೆಂಕಿಪೆಟ್ಟಿಗೆ ಕೇಳಿದ್ದರೇ? ಒಂದು ಸಲವಾದರೂ ಕೇಳಿರಬೇಕು ಎನಿಸುತ್ತದೆ, ಆದರೆ ಕೇಳಿದ ಚಿತ್ರ ಕಣ್ಣಿಗೆ ಬರುವುದಿಲ್ಲ. ಪೈಪನ್ನು ಚಪ್ಪಲಿಯ ಹಿಮ್ಮಡಿಗೆ ತಟ್ಟುತ್ತಿದ್ದರು, ಹೌದು. ಬೂದಿ ಬಿತ್ತೇ? ನನ್ನ ಹಿತ್ತಿಲಲ್ಲಿ ಬೂದಿಗೆ ಬರವೇ, ಯಾವುದನ್ನೆಂದು ಗುರುತಿಡಲಿ! ನನ್ನ ಯಜಮಾನರನ್ನು ಕೂಗಿ ಕೇಳಿದೆ. ಅವರು ಬಹಳ ಯೋಚಿಸಿ, “ಸೇದ್ತಿದ್ರು... ಅಂತ ಕಾಣ್ತದೆ” ಎಂದರು. ಇಂಥ ಸಾಕ್ಷಿಯನ್ನು ಕಟ್ಟಿಕೊಂಡು ನಾನೇನು ಮಾಡಲಿ!

ಅಕ್ಕ ಒಂದೊಂದೇ ಮಾತು ಬಿಡಿಸಿ ಹೇಳಿದರು. ಆಸ್ಪತ್ರೆಯಿಂದ ಬಂದ ವಾರ ಅಣ್ಣ ಅವರಿಗೆ, ಇನ್ನು ಸೇದುವುದಿಲ್ಲ ಎಂದು ಹೇಳಿದ್ದರಂತೆ. ಅಕ್ಕ ನಂಬಿರಲಿಲ್ಲ. “ಬಿಟ್ಟವನು ಯಾರಾದ್ರು ದಿನಾ ಹೊಗೆಸೊಪ್ಪು ಬಾಟಲಿಗೆ ತುಂಬಿಸ್ತಾನಾ? ನೀನೇ ಹೇಳು. ಮುಚ್ಚಳ ತೊಳೀತಾನಾ? ಪೈಪು ಕಚ್ಕೊಂಡು ಕೂರ್ತಾನಾ?” ಹೌದು, ನಾನಾದರೂ ನಂಬುತ್ತಿರಲಿಲ್ಲ.

ಆಗ ನನಗೆ ಒಂದು ಮಾತು ನೆನಪಾಯಿತು. ಆ ದಿನಗಳಲ್ಲೇ ಒಂದು ಬೆಳಿಗ್ಗೆ ಮಾವ ತಡವಾಗಿ ಬಂದರು. ಮುಖ ಸಪ್ಪೆಯಾಗಿತ್ತು. “ಎಂತ ಮಾವ, ಇವತ್ತು ಲೇಟು?” ಎಂದೆ. “ಹೊಗೆ ಬಿಟ್ಟೆ” ಎಂದರು. ಮನೆಯಲ್ಲಿ ಕೂತು ಆರಾಮಾಗಿ ಹೊಗೆ ಬಿಟ್ಟು ಬಂದಿದ್ದಾರೆ ಎಂದುಕೊಂಡು, “ಒಳ್ಳೇದಾಯ್ತು, ಕಾಫಿ ಕುಡೀರಿ” ಎಂದೆ. ಮಾವ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಕಾಫಿ ಕುಡಿದು ಹೋದರು.

ಇದನ್ನು ಹೇಳಿದ್ದೇ ತಡ, ಅಕ್ಕ ಕಲ್ಲಿನಿಂದ ಎದ್ದು ನಿಂತರು.

“ಯಾವ ಬಿಟ್ಟೆ?”

“ಅದೇ ಅಕ್ಕ, ಹೊಗೆ ಬಿಟ್ಟೆ ಅಂದ್ರು.”

“ಅದೇ ಕೇಳ್ತಿದ್ದೀನಿ ಮಾರಾಯ್ತಿ, ಯಾವ ಬಿಟ್ಟೆ? ಬಾಯಿಂದ ಬಿಟ್ಟದ್ದಾ, ಚಟ ಬಿಟ್ಟದ್ದಾ?”

ನಮ್ಮ ಕನ್ನಡಕ್ಕಿಷ್ಟು ಬೆಂಕಿ ಹಾಕ! ಹೊಗೆ ಉಗುಳಿದ್ದಕ್ಕೂ ಚಟ ತೊರೆದದ್ದಕ್ಕೂ ಒಂದೇ ಮಾತು ಇಟ್ಟವರಾದರೂ ಯಾರು? ಮಾವನ ದನಿಯನ್ನು ನೆನೆಸಿಕೊಂಡು ಎರಡು ಥರವೂ ಮನಸ್ಸಿನಲ್ಲೇ ಹೇಳಿ ನೋಡಿದೆ. ಎರಡೂ ಸರಿ ಎನಿಸಿತು.

ಅಕ್ಕನಿಗೆ ಬೇಕಾಗಿದ್ದದ್ದು ಯಾವ ಉತ್ತರ ಎಂಬುದನ್ನೂ ನಾನು ಮೊದಲು ತಪ್ಪಾಗಿ ತಿಳಿದೆ. ಅಣ್ಣ ಕೊಟ್ಟ ಮಾತು ಉಳಿಸಿಕೊಂಡಿದ್ದ ಎಂದರೆ ಸಮಾಧಾನವಾಗುತ್ತದೆ ಎಂದುಕೊಂಡು, “ಬಿಟ್ಟೇ ಇದ್ದಿರಬೇಕು ಅಕ್ಕ, ನಿಮಗೋಸ್ಕರ” ಎಂದೆ. ಅವರ ಮುಖ ಕಪ್ಪಿಟ್ಟಿತು.

“ಹಾಗಾದ್ರೆ ಇಷ್ಟು ವರ್ಷ ನಾನು ಬೈದದ್ದು ನಿನ್ನ ಒಲೆ ಹೊಗೆಗಾ?” ಎಂದರು. “ಸೇದದೇ ಇರೋನಿಗೆ ದಿನಾ ಅಂಗಿ ಬಿಚ್ಚಿಸಿದ್ನಾ? ಅಲ್ಲ ಅಂತಾದ್ರೂ ಅವನು ಹೇಳಬಾರದಿತ್ತಾ? ಬೇಡ, ನೀನು ಹಾಗೆ ಹೇಳಬೇಡ. ಕದ್ದು ಸೇದ್ತಿದ್ದ ಅಂತ ಹೇಳು. ನನಗೆ ಮೋಸ ಮಾಡಿ, ಇಲ್ಲೇ ಕೂತು, ಚೆನ್ನಾಗಿ ಸೇದಿ ಬರ್ತಿದ್ದ ಅಂತ ಹೇಳು.”

ಹೇಳಿಬಿಡಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ಅಕ್ಕ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತು ಜೀವಮಾನವಿಡೀ ಜನರ ಮುಖ ನೋಡಿದವರು, ನನ್ನ ಸುಳ್ಳು ಅರ್ಧಕ್ಕೇ ಸಿಕ್ಕಿಬೀಳುತ್ತಿತ್ತು. ಬದಲಿಗೆ ಇಬ್ಬರೂ ಹೋಗಿ ಮಾವನ ಕಪಾಟು ತೆರೆದೆವು. ತುಂಬಿದ ಬಾಟಲಿಗಳಿದ್ದವು. ಅರ್ಧವಾದವೂ ಇದ್ದವು. “ನೋಡಿ ಅಕ್ಕ, ಅರ್ಧ ಆಗಿದೆ! ಸೇದದೆ ಎಲ್ಲಿ ಹೋಯ್ತು?” ಎಂದೆ. ಅಕ್ಕನ ಕಣ್ಣು ಅರಳಿತು. ಅಷ್ಟರಲ್ಲಿ ಅವರ ಕೆಲಸದ ಹೆಂಗಸು ಹಿಂದಿನಿಂದ, “ಅದ್ರಿಂದಾನೇ ಅಲ್ವಾ ಅಯ್ಯ ನಮಗೆಲ್ಲ ಜಿಗಣೆಗೆ ಕೊಡ್ತಿದ್ದದ್ದು? ಕಾಲಿಗೆ ಉಜ್ಜಿಕೊಂಡ್ರೆ ಒಂದೂ ಹತ್ತಲ್ಲ” ಎಂದಳು. ತೋಟಕ್ಕೆ ಹೋಗುವವರಿಗೆಲ್ಲ ಮಾವ ಮಳೆಗಾಲವಿಡೀ ಹಿಡಿಹಿಡಿ ಹಂಚಿದ್ದರು. ಅಲ್ಲಿಗೆ ಆ ಸಾಕ್ಷಿಯೂ ಹೋಯಿತು. ಅಕ್ಕ ಒಂದು ಬಾಟಲಿಯನ್ನು ಎದೆಗೆ ಒತ್ತಿ ಹಿಡಿದು ಅಲ್ಲೇ ನೆಲದ ಮೇಲೆ ಕೂತರು. ನನಗೂ ಅಳು ಬಂತು, ಯಾವುದಕ್ಕೆ ಎಂದು ಗೊತ್ತಾಗಲಿಲ್ಲ.

ಮೀದಿಯ ದಿನ ಅವರ ಒಕ್ಕದ ಹಿರಿಯರೊಬ್ಬರು, ಅಂದರೆ ಅವರ ಮನೆತನಕ್ಕೆಲ್ಲ ದೊಡ್ಡವರು, ಬಂದಿದ್ದರು. ದೂರದ ನೆಂಟರು ಕೆಲವರು, ಪಕ್ಕದ ಮನೆಯವರೆಂದು ನಾವಿಬ್ಬರು. ದೀಪ ಹಚ್ಚಿ, ಎಲೆಯ ಮೇಲೆ ಅಕ್ಕಿತರಿಯ ಉಂಡೆ ಕಡಂಬುಟ್ಟು, ಹಂದಿ ಸಾರು, ಪಕ್ಕದಲ್ಲಿ ಬ್ರಾಂದಿ ಇಟ್ಟರು. ಅಕ್ಕ ಪೈಪು ತಂದರು. ಹೊಗೆಸೊಪ್ಪು ತುಂಬಿತ್ತು, ಯಾವ ಬಾಟಲಿಯದು ಎಂದು ನಾನು ಕೇಳಲಿಲ್ಲ.

ತೊಂದರೆ ಶುರುವಾದದ್ದು ಅಲ್ಲಿ. ಬೀಡಿಯಾದರೆ ಒಮ್ಮೆ ಹಚ್ಚಿ ಇಟ್ಟರೆ ತನ್ನಷ್ಟಕ್ಕೆ ಉರಿಯುತ್ತದೆ. ಪೈಪಿಗೆ ಉಸಿರು ಬೇಕು. ನನ್ನ ಯಜಮಾನರು ಕಡ್ಡಿ ಗೀರಿ ಮೇಲೆ ಹಿಡಿದರು, ಸ್ವಲ್ಪ ಕೆಂಪಾಗಿ ಆರಿತು. ಮತ್ತೆ ಗೀರಿದರು, ಮತ್ತೆ ಆರಿತು.

“ಯಾರಾದ್ರು ಎಳೀಬೇಕು ಇದನ್ನ” ಎಂದರು ಹಿರಿಯರು. “ಯಾರು ಎಳೀತೀರಿ?”

ಗಂಡಸರಿಗೆಲ್ಲ ಒಂದೊಂದು ನೆಪ. ಒಬ್ಬರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದೆ. ಇನ್ನೊಬ್ಬರು ಜನ್ಮದಲ್ಲಿ ಮುಟ್ಟಿಲ್ಲವಂತೆ. ನನ್ನ ಯಜಮಾನರು ನನ್ನ ಕಡೆ ನೋಡಿದರು, ನಾನು ಅವರನ್ನು ನೋಡಲಿಲ್ಲ.

“ಸಾಕು ಬಿಡಿ” ಎಂದರು ಹಿರಿಯರು. “ಹಾಗೇ ಇಡಿ. ಇಟ್ಟಿದ್ದೀವಿ ಅಂತ ಅವನಿಗೆ ಗೊತ್ತಾಗ್ತದೆ.”

“ಬೇಡ ದೊಡ್ಡಪ್ಪ” ಎಂದರು ಅಕ್ಕ. “ಹೊತ್ತದೇ ಇರೋ ಪೈಪು ಅವನಿಗೆ ಹೊಸದಲ್ಲ.”

ಹಿರಿಯರಿಗೆ ಅರ್ಥವಾಗಲಿಲ್ಲ. ಅಕ್ಕ ಎಲೆಯ ಮುಂದೆ ಕೂತು, ಸೆರಗಿನಿಂದ ಪೈಪಿನ ತುದಿ ಒರೆಸಿ, ಬಾಯಿಗೆ ಇಟ್ಟುಕೊಂಡರು. “ಅಕ್ಕಾ!” ಎಂದು ನಾನು ಕೂಗಿಯೇಬಿಟ್ಟೆ. ಎಡಗೈಯಲ್ಲಿ ಪಂಪು ಇದೆ ಎಂದು ಎತ್ತಿ ತೋರಿಸಿ, ನನ್ನ ಯಜಮಾನರಿಗೆ ಕಡ್ಡಿ ಗೀರಲು ಸನ್ನೆ ಮಾಡಿದರು. ಎಳೆದರು. ಏನೂ ಬರಲಿಲ್ಲ. ಗಟ್ಟಿಯಾಗಿ ಎಳೆದರು. ಕೆಂಪು ಹಿಡಿಯಿತು, ಹೊಗೆ ಬಂತು, ಜೊತೆಗೆ ಭಯಂಕರ ಕೆಮ್ಮು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಪಂಪು ಬಾಯಿಗೆ ಒತ್ತಿಕೊಂಡು ಸುಧಾರಿಸಿಕೊಂಡು, ಆರುವ ಮೊದಲೇ ಮತ್ತೆ ಪೈಪು ಎತ್ತಿ ಎಳೆದರು. ಯಾರಿಗೂ ತಡೆಯುವ ಧೈರ್ಯವಾಗಲಿಲ್ಲ. ಆ ಮನೆಯೊಳಗೆ ಪೈಪಿನ ಹೊಗೆ ಆಡುವುದನ್ನು ನಾನು ನೋಡಿದ್ದು ಅದೇ ಮೊದಲು. ಅದು ಸೌದೆಯ ಹೊಗೆಯ ಹಾಗಿರಲಿಲ್ಲ, ಒಂಥರಾ ಸಿಹಿ ವಾಸನೆ. ಇದನ್ನು ನಾನು ಮೊದಲು ಎಂದಾದರೂ ಮೂಸಿದ್ದೆನೇ? ಆಗಲೂ ನನಗೆ ತಿಳಿಯಲಿಲ್ಲ.

ಚೆನ್ನಾಗಿ ಹೊತ್ತಿಕೊಂಡಿದೆ ಎಂದು ಖಾತ್ರಿಯಾದ ಮೇಲೆ ಅಕ್ಕ ಪೈಪನ್ನು ಎಲೆಯ ಬಲಗಡೆಗೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿ ಇಟ್ಟರು. ಪಂಪನ್ನು ಇನ್ನೊಮ್ಮೆ ಬಾಯಿಗೆ ಒತ್ತಿಕೊಂಡರು.

“ಸೇದು ಅಣ್ಣ” ಎಂದರು. “ಇವತ್ತು ನಾನು ಬೈಯೋದಿಲ್ಲ.”